ಮಾತು ತಡೆದರೆ ಕೈಯೂ ತಡೆಯುತ್ತದೆ ಎಂದು ಬರೆಯಬೇಡಿ

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಉಗ್ಗಿನ ಬಗ್ಗೆ ಒಂದು ಆರೋಗ್ಯ ಬರಹ ಬಂದಿತ್ತು. ಒಳಗಿನ ಬರಹದ ಮೇಲೆ ನನ್ನ ತಕರಾರು ಕಡಿಮೆ. ತಲೆಬರಹದ ಮೇಲೆ ತುಂಬಾ ಇದೆ. 'ಉಗ್ಗುವವರಿಗೆ ಕೈ ಹಿಡಿತವೂ ಇಲ್ಲ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಬರಹವನ್ನು ಎಷ್ಟು ಜನ ಓದಿದರೋ, ತಲೆಬರಹದ ಫೋಟೋ ಮಾತ್ರ ಸೋಮವಾರ ಬೆಳಿಗ್ಗೆಯೊಳಗೆ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿತು. ನಮ್ಮ ಕುಟುಂಬದ ಗ್ರೂಪಿಗೂ ಬಂತು. ಅದರ ಕೆಳಗೆ ಒಬ್ಬರು 'ಇನ್ನು ಇವನ ಕೈಗೆ ಮೊಬೈಲ್ ಕೊಡುವ ಮೊದಲು ಯೋಚಿಸಿ' ಅಂತ ಬರೆದು ನಗುವ ಮುಖ ಬೇರೆ ಅಂಟಿಸಿದ್ದರು.

'ಇವನು' ಅಂದರೆ ನಾನು. ಚಿಕ್ಕಂದಿನಿಂದ ಉಗ್ಗುತ್ತೇನೆ, ಮಂಗಳೂರಿನ ಹಂಪನಕಟ್ಟೆ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತೇನೆ. ಎಡಗೈಯಲ್ಲಿ ಚಿಮುಟ, ಬಲಗೈಯಲ್ಲಿ ಸೋಲ್ಡರಿಂಗ್ ಐರನ್, ಕಣ್ಣು ಮೈಕ್ರೋಸ್ಕೋಪಿನಲ್ಲಿ. ಬರಿಗಣ್ಣಿಗೆ ಸರಿಯಾಗಿ ಕಾಣದ ಪಾರ್ಟನ್ನು ಬೋರ್ಡಿನಿಂದ ಎತ್ತಿ, ಜಾಗ ಕ್ಲೀನ್ ಮಾಡಿ, ಹೊಸದನ್ನು ಕೂರಿಸುವ ಕೆಲಸ. ಎರಡು ಕೈಯೂ ಒಟ್ಟಿಗೆ ಮಾತು ಕೇಳದಿದ್ದರೆ ಗಿರಾಕಿಯ ಫೋನ್ ಅಲ್ಲೇ ಸತ್ತುಹೋಗುತ್ತದೆ. ನನ್ನ ಅಂಗಡಿ ಇನ್ನೂ ನಡೆಯುತ್ತಿದೆ.

ಹಾಗಂತ ಉಗ್ಗುವವರ ಕೈಚಲನೆಯ ಬಗ್ಗೆ ನಡೆದ ಸಂಶೋಧನೆಯೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಸುಳ್ಳಲ್ಲ. ಅದರಲ್ಲಿ ನಮ್ಮಂಥವರಿಗೆ ತುಂಬಾ ಉಪಯೋಗದ ವಿಷಯ ಇದೆ, ನೀವು ಅದನ್ನು ಬಿಟ್ಟು ಉಪಯೋಗವಿಲ್ಲದ್ದನ್ನು ತಲೆಬರಹ ಮಾಡಿದಿರಿ ಅನ್ನುವುದೇ ನನ್ನ ದೂರು.

ವಿಷಯ ಏನೆಂದರೆ, 1980ರ ದಶಕದಲ್ಲಿ ಕೆನಡಾದ ವಿಲಿಯಂ ವೆಬ್‌ಸ್ಟರ್ ಎಂಬ ವಿಜ್ಞಾನಿ ಉಗ್ಗುವ ವಯಸ್ಕರನ್ನು ಕೂರಿಸಿಕೊಂಡು ಅವರ ಬಾಯಿ ಬಿಟ್ಟು ಕೈಯನ್ನು ನೋಡಲು ಶುರು ಮಾಡಿದರು. ಒಂದೇ ಬೆರಳಿನಿಂದ ಸುಮ್ನೆ ಕುಟ್ಟುತ್ತಾ ಹೋಗುವುದರಲ್ಲಿ ಉಗ್ಗುವವರಿಗೂ ಬೇರೆಯವರಿಗೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಬೇರೆ ಬೇರೆ ಬೆರಳುಗಳನ್ನು ಹೇಳಿದ ಕ್ರಮದಲ್ಲೇ ಒತ್ತಬೇಕು ಅಂದಾಗ, ಅಥವಾ ಒಂದು ಕೈ ಬೆರಳು ಕುಟ್ಟುತ್ತಿರುವಾಗಲೇ ಇನ್ನೊಂದು ಕೈ ಒಂದು ತಿರುಗಣಿ ತಿರುಗಿಸಬೇಕು ಅಂದಾಗ, ಅಥವಾ ಎರಡೂ ಕೈಯಲ್ಲಿ ಪೆನ್ನು ಹಿಡಿದು ಒಟ್ಟಿಗೆ ಅಕ್ಷರ ಬರೆಯಬೇಕು ಅಂದಾಗ, ಉಗ್ಗುವವರ ಗುಂಪು ಸರಾಸರಿಯಲ್ಲಿ ಸ್ವಲ್ಪ ನಿಧಾನ, ತಪ್ಪು ಸ್ವಲ್ಪ ಜಾಸ್ತಿ. ಆಮೇಲೆ ಟೊರಾಂಟೊದಲ್ಲಿ ಲುಕ್ ಡಿ ನಿಲ್ ಅವರ ತಂಡ ಕಲಿಕೆಯನ್ನು ನೋಡಿತು. ಬೆರಳುಗಳ ಹೊಸ ಸರಣಿಯೊಂದನ್ನು ಮತ್ತೆ ಮತ್ತೆ ಮಾಡಿಸಿದರೆ ಎಲ್ಲರ ಕೈಯೂ ಪಳಗುತ್ತದೆ, ಆದರೆ ಉಗ್ಗುವವರಲ್ಲಿ ಅದು ತಾನಾಗಿ ಬರುವಷ್ಟು ಪಳಗಲು ಜಾಸ್ತಿ ಸಮಯ ಬೇಕು ಅನ್ನುವುದು ಅವರಿಗೆ ಕಂಡದ್ದು.

ಎಲ್ಲ ಕಡೆ ಹೀಗೇ ಕಂಡಿದೆಯಾ ಅಂದರೆ ಇಲ್ಲ. 2003ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಬೆರಳು, ತುಟಿ, ಮಾತು ಮೂರರಲ್ಲೂ ಒಂದೇ ಸಮನೆ ಲಯ ಹಿಡಿಯುವುದನ್ನು ಪರೀಕ್ಷೆ ಮಾಡಿದರು. ಉಗ್ಗುವವರು, ಉಗ್ಗದವರು ಅನ್ನುವ ವ್ಯತ್ಯಾಸವೇ ಕಾಣಲಿಲ್ಲ. 2010ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಸಣ್ಣ ಮಕ್ಕಳಿಂದ ಲಯಕ್ಕೆ ಚಪ್ಪಾಳೆ ಹೊಡೆಸಿದರು. ಉಗ್ಗುವ ಮಕ್ಕಳಲ್ಲಿ ಕೆಲವರ ಚಪ್ಪಾಳೆ ಏರುಪೇರಾಯಿತು, ಉಳಿದವರದ್ದು ಬೇರೆ ಮಕ್ಕಳ ಹಾಗೇ ಇತ್ತು. ಅಂದರೆ ವ್ಯತ್ಯಾಸ ಇದೆ, ಎಲ್ಲರಲ್ಲೂ ಇಲ್ಲ, ಎಲ್ಲ ಕೆಲಸದಲ್ಲೂ ಇಲ್ಲ. ಇದ್ದದ್ದೂ ಬಹಳ ಸಲ ಸೆಕೆಂಡಿನ ಸಣ್ಣ ಭಾಗದಲ್ಲಿ ಅಳೆಯುವಂಥದ್ದು. ಉಗ್ಗುವ ನೂರು ಜನರನ್ನೂ ಉಗ್ಗದ ನೂರು ಜನರನ್ನೂ ಬೆರೆಸಿ ನಿಲ್ಲಿಸಿ ಕೈಕೆಲಸ ಮಾತ್ರ ನೋಡಿ, ಯಾರು ಉಗ್ಗುವವರು ಅಂತ ಹೆಕ್ಕಿ ತೆಗೆಯಲು ನಿಮ್ಮಿಂದ ಆಗುವುದಿಲ್ಲ.

ನಾನೇ ಒಮ್ಮೆ ಇಂಥ ಪರೀಕ್ಷೆಗೆ ಕೂತಿದ್ದೇನೆ. ಫೋನ್ ರಿಪೇರಿಗೆ ಬಂದ ಒಬ್ಬಳು ಹುಡುಗಿ ವಾಕ್ ಶ್ರವಣ, ಅಂದರೆ ಮಾತು ಮತ್ತು ಕಿವಿಯ ತೊಂದರೆಗಳ ಚಿಕಿತ್ಸೆ, ಓದುತ್ತಿದ್ದಳು. ನಾನು ಮಾತಾಡುವುದನ್ನು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಣ್ಣಾ, ನನ್ನ ಪ್ರಾಜೆಕ್ಟಿಗೆ ಒಂದು ಸಣ್ಣ ಪರೀಕ್ಷೆ ಉಂಟು, ಬೇಜಾರಿಲ್ಲದಿದ್ದರೆ ಬರ್ತೀರಾ' ಅಂತ ಕೇಳಿದಳು. ಬೇಜಾರೆಂತದ್ದು, ಹೋದೆ. ಪರ್ಡ್ಯೂ ಪೆಗ್‌ಬೋರ್ಡ್ ಅಂತ ಒಂದು ಹಲಗೆ. ನಡುವೆ ಎರಡು ಸಾಲು ತೂತು, ಒಂದೊಂದು ಸಾಲಿಗೆ 25. ಮೇಲ್ಗಡೆ ಬಟ್ಟಲಲ್ಲಿ ಸಣ್ಣ ಸಣ್ಣ ಪಿನ್ನು. 30 ಸೆಕೆಂಡಿನಲ್ಲಿ ಬಲಗೈಯಿಂದ ಎಷ್ಟು ಹಾಕುತ್ತೀರಿ, ಆಮೇಲೆ ಎಡಗೈಯಿಂದ ಎಷ್ಟು, ಆಮೇಲೆ ಎರಡೂ ಕೈಯಿಂದ ಜೋಡಿ ಜೋಡಿಯಾಗಿ ಎಷ್ಟು. ಕೊನೆಗೆ ಒಂದು ನಿಮಿಷ ಪಿನ್ನು, ವಾಷರ್, ಕಾಲರ್ ಎಂಬ ಸಣ್ಣ ಕೊಳವೆ, ಮತ್ತೆ ವಾಷರ್ ಅಂತ ಎರಡು ಕೈಯನ್ನೂ ಬದಲಿಸಿ ಬದಲಿಸಿ ಜೋಡಿಸುವುದು. ಒಂಟಿ ಕೈಯಲ್ಲಿ ನಾನು ಎಲ್ಲರ ಹಾಗೇ. ಎರಡು ಕೈ ಸೇರಿದಾಗ ಶುರುವಿನಲ್ಲಿ ಎಡಗೈ ಒಂದು ಕ್ಷಣ ಬಲಗೈಯ ದಾರಿ ನೋಡಿದ ಹಾಗಾಯಿತು, ಲೆಕ್ಕ ಸ್ವಲ್ಪ ಕಡಿಮೆ ಬಂತು. 'ಇದರಿಂದ ನಿಮ್ಮ ಬಗ್ಗೆ ಏನೂ ಹೇಳಲಿಕ್ಕಾಗುವುದಿಲ್ಲ ಅಣ್ಣಾ, ಒಬ್ಬರ ಲೆಕ್ಕಕ್ಕೆ ಅರ್ಥ ಇಲ್ಲ' ಅಂತ ಅವಳೇ ಹೇಳಿದಳು. ನಿಮ್ಮ ತಲೆಬರಹ ಬರೆದವರಿಗೆ ಆ ಹುಡುಗಿಯಷ್ಟು ಎಚ್ಚರ ಇದ್ದಿದ್ದರೆ ಸಾಕಿತ್ತು.

ಈಗ ಕೈಗೂ ಬಾಯಿಗೂ ಏನು ಸಂಬಂಧ ಅನ್ನುವ ಪ್ರಶ್ನೆ. ಮಾತಾಡುವುದು ಅಂದರೆ ಉಸಿರು, ಗಂಟಲು, ನಾಲಿಗೆ, ದವಡೆ, ತುಟಿ ಇವುಗಳ ಹತ್ತಿರ ಹತ್ತಿರ ನೂರು ಸ್ನಾಯುಗಳನ್ನು ಸರಿಯಾದ ಕ್ರಮದಲ್ಲಿ, ಸರಿಯಾದ ಹೊತ್ತಿಗೆ ಎಬ್ಬಿಸುವ ಕೆಲಸ. ಎರಡು ಕೈಯಲ್ಲಿ ಬೇರೆ ಬೇರೆ ಕೆಲಸ ಮಾಡುವುದೂ ಅಂಥದ್ದೇ. ಮೆದುಳಿನ ಮುಂಭಾಗದಲ್ಲಿ, ಅದರ ಎರಡು ಅರ್ಧಗಳು ಒಂದಕ್ಕೊಂದು ಮುಖ ಮಾಡುವ ನಡುಗೆರೆಯ ಪಕ್ಕದಲ್ಲಿ, ಸಪ್ಲಿಮೆಂಟರಿ ಮೋಟಾರ್ ಏರಿಯಾ ಎಂಬ ಜಾಗ ಇದೆ. ಕೈಗಾಗಲಿ ಬಾಯಿಗಾಗಲಿ, ಒಂದರ ಹಿಂದೆ ಒಂದು ಚಲನೆಯನ್ನು ಹೊರಡಿಸುವುದರಲ್ಲಿ ಅದರ ಪಾಲು ದೊಡ್ಡದು. ಯಕ್ಷಗಾನದಲ್ಲಿ ಭಾಗವತರ ಜಾಗಟೆ ಇಲ್ಲವಾ, ಚೆಂಡೆ, ಮದ್ದಳೆ, ವೇಷದ ಹೆಜ್ಜೆ ಎಲ್ಲವೂ ಅದರ ಪೆಟ್ಟಿಗೇ ಕಾಯುವುದು, ಹಾಗೆ. ಉಗ್ಗುವವರಲ್ಲಿ ಎಡ ಮೆದುಳಿನ ಈ ವ್ಯವಸ್ಥೆ ಬಲಗಡೆಯ ಗದ್ದಲಕ್ಕೆ ಬೇಗ ಕದಡುತ್ತದೆ ಅನ್ನುವುದು ವೆಬ್‌ಸ್ಟರ್ ಅವರ ಊಹೆಯಾಗಿತ್ತು. ಮುಂದೆ ಮೆದುಳಿನ ಸ್ಕ್ಯಾನ್ ಬಂದ ಮೇಲೆ, ಉಗ್ಗುವವರು ಮಾತಾಡುವಾಗ ಬಲಭಾಗ ಜಾಸ್ತಿ ಕೆಲಸ ಮಾಡುವುದು ಮತ್ತೆ ಮತ್ತೆ ಕಂಡಿದೆ. 2002ರಲ್ಲಿ ಜರ್ಮನಿಯ ಸಂಶೋಧಕರು ಎಡಭಾಗದಲ್ಲಿ ಮಾತಿಗೆ ಬೇಕಾದ ಜಾಗಗಳನ್ನು ಜೋಡಿಸುವ ನರತಂತುಗಳಲ್ಲೇ ವ್ಯತ್ಯಾಸ ಇದೆ ಎಂದು ತೋರಿಸಿದರು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಅಧ್ಯಯನ. ನಾವು ಮಾತಾಡುವಾಗ ಕೈ ಆಡಿಸುತ್ತೇವೆ ಅಲ್ವಾ, ಅದನ್ನು ಕೆನಡಾದ ರೇಚಲ್ ಮೇಬೆರಿ ಎಂಬವರು ವಿಡಿಯೋ ಮಾಡಿ ನೋಡಿದರು, 2000ದ ಸುಮಾರಿಗೆ. ಉಗ್ಗುವವರ ಮಾತು ತಡೆದ ಕ್ಷಣಕ್ಕೆ ಕೈಯೂ ಗಾಳಿಯಲ್ಲಿ ಹಾಗೇ ನಿಲ್ಲುತ್ತದಂತೆ. ಮಾತು ಹೊರಟಾಗ ಕೈಯೂ ಹೊರಡುತ್ತದೆ. ಕೈಗೆ ಶಕ್ತಿ ಇಲ್ಲ ಅಂತಲ್ಲ, ಮಾತಿಗೆ ಜೊತೆ ಕೊಡುವ ಕೈ ಮಾತನ್ನು ಕಾಯುತ್ತದೆ. ಇದನ್ನು ಓದಿದ ಮೇಲೆ ನನ್ನನ್ನೇ ಗಮನಿಸಿದೆ. ಗಿರಾಕಿಗೆ 'ಡಿಸ್‌ಪ್ಲೇ ಹೋಗಿದೆ' ಅನ್ನಲು ಹೊರಟು 'ಡಿ'ಯಲ್ಲಿ ಸಿಕ್ಕಿಕೊಂಡಾಗ, ಫೋನ್ ಹಿಡಿದು ತೋರಿಸಲು ಎತ್ತಿದ ಕೈ ನಿಜವಾಗಿ ಅರ್ಧಕ್ಕೇ ನಿಂತಿರುತ್ತದೆ! ಅದೇ ಕೈ ಮಾತಿಲ್ಲದೆ ಐರನ್ ಹಿಡಿದರೆ ಎಲ್ಲೂ ನಿಲ್ಲುವುದಿಲ್ಲ.

ಕೈ ಅಂದ ಕೂಡಲೇ ನಮ್ಮಲ್ಲಿ ಇನ್ನೊಂದು ಕಥೆ ಎದ್ದು ಬರುತ್ತದೆ. ನಿಮ್ಮ ಬರಹದಲ್ಲೂ ಒಂದು ಸಾಲು ಇತ್ತು, ಎಡಗೈ ಮಗುವಿಗೆ ಬಲಗೈ ಅಭ್ಯಾಸ ಮಾಡಿಸಿದರೆ ಉಗ್ಗು ಬರುತ್ತದೆ ಅಂತ. ಇದು ಸುಮಾರು ನೂರು ವರ್ಷ ಹಳೆಯ ವಾದ. ಅಮೆರಿಕದ ಅಯೋವಾದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಲೀ ಟ್ರಾವಿಸ್ ಎಂಬವರು ಹೇಳಿದ್ದು. ಮೆದುಳಿನ ಒಂದು ಬದಿ ಯಜಮಾನಿಕೆ ಹಿಡಿಯದೆ ಎರಡೂ ಜಗ್ಗಾಡಿದರೆ ಮಾತು ತಡವರಿಸುತ್ತದೆ, ಕೈ ಬದಲಿಸಿದರೆ ಆ ಜಗ್ಗಾಟ ಶುರುವಾಗುತ್ತದೆ ಎಂಬುದು ಅವರ ಲೆಕ್ಕ. ಅಲ್ಲಿಗೆ ಬಂದಿದ್ದ ವೆಂಡೆಲ್ ಜಾನ್ಸನ್ ಎಂಬ ವಿದ್ಯಾರ್ಥಿ ಸ್ವತಃ ಉಗ್ಗುತ್ತಿದ್ದವರು. ಆ ವಾದವನ್ನು ನಂಬಿ ಎಡಗೈಯವರಾಗಲು ವರ್ಷಗಟ್ಟಲೆ ಹೆಣಗಿದರು. ಉಗ್ಗು ಹೋಗಲಿಲ್ಲ. ಕೊನೆಗೆ ಅವರೇ ಆ ವಾದ ಬಿಟ್ಟು ಬೇರೆ ದಾರಿ ಹಿಡಿದರು. ಇಂಗ್ಲೆಂಡಿನ ಆರನೇ ಜಾರ್ಜ್ ದೊರೆಯ ಉದಾಹರಣೆ ಕೊಡುವವರೂ ಇದ್ದಾರೆ. ಎಡಗೈಯ ಹುಡುಗನಿಗೆ ಬಲಗೈಯಲ್ಲಿ ಬರೆಸಿದ್ದು ನಿಜ, ಅವರು ಉಗ್ಗುತ್ತಿದ್ದುದೂ ನಿಜ. 1926ರಲ್ಲಿ ವಿಂಬಲ್ಡನ್ ಡಬಲ್ಸ್ ಆಡಿದಾಗ ರಾಕೆಟ್ ಹಿಡಿದದ್ದು ಎಡಗೈಯಲ್ಲೇ. ಒಬ್ಬರಲ್ಲಿ ಎರಡು ವಿಷಯ ಒಟ್ಟಿಗೆ ಇದ್ದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣ ಆಗುವುದಿಲ್ಲ.

ನಮ್ಮ ಊರನ್ನೇ ನೋಡಿ ಮಾರಾಯ್ರೆ. ಹತ್ತರಲ್ಲಿ ಒಬ್ಬರು ಎಡಗೈಯವರಾಗಿ ಹುಟ್ಟುತ್ತಾರೆ ಅನ್ನುತ್ತಾರೆ. ಎಡಗೈಯಲ್ಲಿ ಊಟ ಮಾಡಲು ಯಾವ ಮನೆಯಲ್ಲಿ ಬಿಡುತ್ತಾರೆ? ಪ್ರಸಾದಕ್ಕೆ ಎಡಗೈ ಚಾಚಿದರೆ ಕೈಗೆ ಒಂದು ಪೆಟ್ಟು. ನಮ್ಮ ಅಪ್ಪ ಅಮ್ಮನ ಕಾಲದಲ್ಲಿ ಶಾಲೆಯಲ್ಲಿ ಎಡಗೈಯಲ್ಲಿ ಬರೆದರೆ ಬೆರಳ ಗಂಟಿಗೆ ಬೆತ್ತದ ಏಟು. ಕೈ ಬದಲಿಸಿದ್ದರಿಂದ ಉಗ್ಗು ಬರುವುದಾಗಿದ್ದರೆ ಕುಂದಾಪುರದಿಂದ ಸುಳ್ಯದವರೆಗೆ ಹತ್ತರಲ್ಲಿ ಒಬ್ಬರು ಉಗ್ಗಬೇಕಿತ್ತು. ಉಗ್ಗುವ ವಯಸ್ಕರು ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರು. ಮಕ್ಕಳನ್ನು ಹೊಡೆದು ಕೈ ಬದಲಿಸುವುದು ತಪ್ಪು, ಅದು ಬೇರೆ ವಿಷಯ. ಆದರೆ ಎಷ್ಟೋ ತಾಯಂದಿರು ತಾವೇ ಮಗುವಿನ ಮಾತು ಕೆಡಿಸಿದೆವು ಅಂತ ಕೊರಗುತ್ತಾರೆ. ಅವರಿಗೆ ಇನ್ನಷ್ಟು ಭಾರ ಹೊರಿಸಬೇಡಿ.

ಈ ಕೈ ಪರೀಕ್ಷೆಗಳಿಂದ ನಮಗೆ ಉಪಯೋಗ ಇದೆ ಅಂದೆನಲ್ಲ, ಅದು ಇದು. ನಮಗೆ ಜೀವನವಿಡೀ ಸಿಗುವ ಸಲಹೆ ಒಂದೇ: 'ಹೆದರಬೇಡ ಮಾರಾಯ, ಧೈರ್ಯವಾಗಿ ಮಾತಾಡು.' ಮೇಷ್ಟ್ರು ಹೇಳುತ್ತಾರೆ, ನೆಂಟರು ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಉಗ್ಗು ಹೆದರಿಕೆಯಿಂದ ಹುಟ್ಟುವುದಾಗಿದ್ದರೆ, ಯಾರ ಜೊತೆಗೂ ಮಾತಾಡದೆ, ಒಂದು ಕೋಣೆಯಲ್ಲಿ ಕೂತು ಬೆರಳಿನಿಂದ ಗುಂಡಿ ಒತ್ತುವಾಗ ವ್ಯತ್ಯಾಸ ಯಾಕೆ ಕಾಣಬೇಕು? ಪಿನ್ನಿಗೆ ಯಾರಾದರೂ ಹೆದರುತ್ತಾರಾ? ಚಲನೆಗಳನ್ನು ಕ್ರಮಕ್ಕೆ, ಹೊತ್ತಿಗೆ ಹೊಂದಿಸುವ ಕಡೆ ಮೂಲ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಮನೆತನದಲ್ಲಿ ಹರಿದು ಬರುವುದೂ ಇದೆ, ಅದಕ್ಕೆ ಸಂಬಂಧಪಟ್ಟ ಕೆಲವು ಜೀನ್‌ಗಳು 2010ರಲ್ಲಿ ಸಿಕ್ಕಿವೆ. ಭಜನೆಯಲ್ಲಿ ನಾನು ಒಂದು ಅಕ್ಷರವೂ ತಡೆಯದೆ ಹಾಡುತ್ತೇನೆ. ಉಗ್ಗುವವರಲ್ಲಿ ಹೆಚ್ಚಿನವರು ಹಾಡುವಾಗ, ಹತ್ತು ಜನರ ಜೊತೆ ಒಟ್ಟಿಗೆ ಓದುವಾಗ ಉಗ್ಗುವುದಿಲ್ಲ. ಹೊರಗಿನಿಂದ ಲಯ ಸಿಕ್ಕಿದ ಕೂಡಲೇ ದಾರಿ ತೆರೆದುಕೊಳ್ಳುತ್ತದೆ.

ಹೆದರಿಕೆಗೆ ಪಾಲೇ ಇಲ್ಲ ಅಂತಲ್ಲ. ಉಗ್ಗು ಮೊದಲು, ಹೆದರಿಕೆ ಆಮೇಲೆ. ಕಂಡಕ್ಟರ್ ಹತ್ತಿರ 'ಪಂಪ್‌ವೆಲ್' ಅನ್ನಲು ಬಾರದೆ, ಬಾಯಿಗೆ ಸುಲಭ ಅಂತ ಎಕ್ಕೂರಿಗೆ ಟಿಕೆಟ್ ತೆಗೆದು ಪಂಪ್‌ವೆಲ್‌ನಲ್ಲಿ ಇಳಿದವನು ನಾನು. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಡುವ ಸಿಟಿ ಬಸ್ಸಿನಲ್ಲಿ ಕಂಡಕ್ಟರ್‌ಗೆ ಕಾಯಲು ಪುರುಸೊತ್ತು ಎಲ್ಲಿದೆ? ಅವನ ಗಡಿಬಿಡಿ ನನ್ನ ಉಗ್ಗನ್ನು ಜಾಸ್ತಿ ಮಾಡುತ್ತದೆ, ಹುಟ್ಟಿಸುವುದಿಲ್ಲ.

ನಿಮ್ಮ ತಲೆಬರಹದಿಂದ ನನಗೆ ಸಿಟ್ಟು ಬರಲು ಇನ್ನೊಂದು ಕಾರಣ ನಮ್ಮ ಪಕ್ಕದ ಮನೆಯ ಹುಡುಗ. ಐಟಿಐ ಮುಗಿಸಿದ್ದಾನೆ, ಫಿಟ್ಟರ್. ಚೆನ್ನಾಗಿ ಉಗ್ಗುತ್ತಾನೆ, ನನಗಿಂತ ಜಾಸ್ತಿ. ಊರಿನ ಯಕ್ಷಗಾನ ಸಂಘದಲ್ಲಿ ಚೆಂಡೆ ಬಾರಿಸುತ್ತಾನೆ. ತ್ರಿವುಡೆ, ಜಂಪೆ, ಅಷ್ಟತಾಳ ಯಾವುದಾದರೂ ಕೊಡಿ, ಎರಡು ಕೋಲೂ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತವೆ. ಶುರುವಿನಲ್ಲಿ ಕಲಿಯಲು ಬೇರೆ ಹುಡುಗರಿಗಿಂತ ಸ್ವಲ್ಪ ಜಾಸ್ತಿ ಸಮಯ ತೆಗೆದುಕೊಂಡ ಅಂತ ಗುರುಗಳು ಹೇಳುತ್ತಿದ್ದರು. ಕಲಿತ ಮೇಲೆ ಈಗ ರಾತ್ರಿಯ ಆಟದಲ್ಲಿ ಯುದ್ಧದ ಪ್ರಸಂಗಕ್ಕೆ ಅವನನ್ನೇ ಕೂಗುತ್ತಾರೆ. ಬೈಕಂಪಾಡಿ ಕಡೆಯ ಒಂದು ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋಗಿದ್ದ. ಹೆಸರು ಹೇಳುವುದರಲ್ಲೇ ತಡೆಯಿತು. ಅಲ್ಲಿದ್ದವರು ನಕ್ಕರು, 'ಕಾನ್ಫಿಡೆನ್ಸ್ ಸಾಲದು' ಅಂತ ಕಳಿಸಿದರು. ಒಂದು ಅರ ಕೊಟ್ಟು ಒಂದು ಕಬ್ಬಿಣದ ತುಂಡು ಉಜ್ಜಿಸಿ ನೋಡಲಿಲ್ಲ. ನಾಳೆ ಅಂಥವರ ಮೇಜಿನ ಮೇಲೆ ನಿಮ್ಮ ಪುರವಣಿ ಇದ್ದರೆ ಇನ್ನೊಂದು ನೆಪ ಸಿಕ್ಕಿತು. ಮಾತಿಲ್ಲ, ಕೈಯೂ ಇಲ್ಲ, ಮೆಷಿನ್ ಹತ್ತಿರ ಹೇಗೆ ಬಿಡುವುದು ಅಂತ. ತಮಾಷೆ ನೋಡಿ, ನಾನು ಕೂತ ಆ ಪೆಗ್‌ಬೋರ್ಡ್ 1948ರಲ್ಲಿ ತಯಾರಾದದ್ದೇ ಕಾರ್ಖಾನೆಗೆ ಕೆಲಸಗಾರರನ್ನು ಆರಿಸಲು. ಅಂದರೆ ಕೈ ನೋಡಬೇಕಿದ್ದರೆ ಅದಕ್ಕೆ ದಾರಿ ಇದೆ, ಕೈಯನ್ನೇ ನೋಡಿ. ನಾಲಿಗೆ ನೋಡಿ ಕೈಗೆ ಮಾರ್ಕ್ಸ್ ಕೊಡಬೇಡಿ.

ಆ ಬರಹದ ಕೆಳಗೆ ಬಾಕ್ಸ್ ಮಾಡಿ 'ಮನೆಯಲ್ಲೇ ಮಾಡಿ, ಉಗ್ಗು ಓಡಿಸಿ' ಅಂತ ಕೈ ವ್ಯಾಯಾಮ ಕೊಟ್ಟಿದ್ದೀರಿ. ಎರಡು ಕೈಯಲ್ಲಿ ಬರೆಯುವುದು, ಚೆಂಡು ಬದಲಿಸುವುದು, ಮಾತಾಡುವಾಗ ಬೆರಳು ಕುಟ್ಟುವುದು. ಮೊದಲೆರಡು ಮಾಡಿದರೆ ನಷ್ಟವೇನಿಲ್ಲ, ಕೈ ಚುರುಕಾಗಬಹುದು. ಉಗ್ಗು ಹೋಗುವುದಿಲ್ಲ. ನನ್ನ ಕೈ ದಿನವಿಡೀ ಅಂಥದ್ದೇ ಕೆಲಸ ಮಾಡುತ್ತದೆ, ಆದರೂ ನನ್ನ ಮಾತು ಇದ್ದ ಹಾಗೇ ಇದೆ. ಬೆರಳು ಕುಟ್ಟುವ ವಿಷಯ ಮಾತ್ರ ಸ್ವಲ್ಪ ಯೋಚಿಸಬೇಕಾದ್ದು. ಶುರುವಿನಲ್ಲಿ ಅದು ನಿಜವಾಗಿ ಸಹಾಯ ಮಾಡುತ್ತದೆ, ಲಯ ಸಿಗುತ್ತದಲ್ಲ. ಹೆಚ್ಚಿನವರಿಗೆ ಕೆಲವು ಸಮಯ ಕಳೆದ ಮೇಲೆ ಆ ಗುಣ ಹೋಗಿ ಕುಟ್ಟುವ ಅಭ್ಯಾಸ ಮಾತ್ರ ಉಳಿಯುತ್ತದೆ. ತೊಡೆಗೆ ಬಡಿಯುವುದು, ಕಣ್ಣು ಮುಚ್ಚುವುದು, ಕೈ ಜಾಡಿಸುವುದು ಎಲ್ಲ ಹೀಗೇ ಅಂಟಿಕೊಳ್ಳುವವು. ಆಮೇಲೆ ನೋಡುವವರಿಗೆ ಉಗ್ಗಿಗಿಂತ ಅದೇ ಜಾಸ್ತಿ ಕಾಣುತ್ತದೆ. ನನಗೆ ಸಣ್ಣದಿರುವಾಗ ಅಜ್ಜಿ ಬಜೆ ತೇದು ನಾಲಿಗೆಗೆ ಹಚ್ಚಿದ್ದರು, ಕಟೀಲಿಗೆ ಹರಕೆ ಹೇಳಿದ್ದರು. ಅದರಲ್ಲಿ ಪ್ರೀತಿಯಾದರೂ ಇತ್ತು. ಈಗಿನ ರೀಲ್ಸ್‌ನಲ್ಲಿ ಗ್ಯಾರಂಟಿ ಕೊಟ್ಟು ದುಡ್ಡು ಕೇಳುವವರಿಗೆ ನಿಮ್ಮ ಬಾಕ್ಸ್ ಒಳ್ಳೆಯ ಸರಕು.

ಬಾಕ್ಸ್‌ನಲ್ಲಿ ಹಾಕಬೇಕಾದದ್ದು ಬೇರೆ ಇತ್ತು. ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದ ಒಳಗೆ ಶುರುವಾಗುತ್ತದೆ, ನಾಲ್ಕರಲ್ಲಿ ಮೂರು ಮಕ್ಕಳಿಗೆ ಮುಂದೆ ಹೋಗಿಬಿಡುತ್ತದೆ, ಹೋಗದಿದ್ದರೆ ಕಾಯುತ್ತಾ ಕೂರದೆ ವಾಕ್ ಚಿಕಿತ್ಸಕರಿಗೆ ತೋರಿಸಬೇಕು. ದೊಡ್ಡವರಿಗೆ ಪೂರ್ತಿ ಹೋಗುವ ಮದ್ದು ಇಲ್ಲ, ಆದರೆ ಮಾತನ್ನು ಮೆಲ್ಲ ಶುರು ಮಾಡುವುದು, ತಡೆದಾಗ ಗುದ್ದಾಡದೆ ಸಡಿಲ ಬಿಡುವುದು, ಪದ ತಪ್ಪಿಸಿಕೊಂಡು ಓಡುವುದನ್ನು ನಿಲ್ಲಿಸುವುದು ಇವನ್ನೆಲ್ಲ ಕಲಿಸುತ್ತಾರೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಂಕನಾಡಿ, ದೇರಳಕಟ್ಟೆ, ಮಣಿಪಾಲ ಮೂರು ಕಡೆಯೂ ಇದನ್ನು ಕಲಿಸುವ ಕಾಲೇಜುಗಳಿವೆ, ತೋರಿಸಿಕೊಳ್ಳಲೂ ಆಗುತ್ತದೆ. ಇಷ್ಟು ಹತ್ತಿರ ಇಷ್ಟು ಸೌಕರ್ಯ ಇರುವ ಊರು ರಾಜ್ಯದಲ್ಲಿ ಕಡಿಮೆ. ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಯಲ್ಲಿ ಉಗ್ಗುವವರು ಸಾವಿರಾರು ಜನ ಇದ್ದಾರೆ, ಅದರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ನನ್ನ ಕೋರಿಕೆ ಎರಡು. ಮುಂದಿನ ಭಾನುವಾರ ಅದೇ ಪುಟದಲ್ಲಿ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಲ್ಲ, ಆ ತಲೆಬರಹ ತಪ್ಪು ಅಂತ ಹಾಕಿ. ಮತ್ತೆ ಅಕ್ಟೋಬರ್ 22ಕ್ಕೆ ಉಗ್ಗಿನ ಜಾಗೃತಿ ದಿನ ಬರುತ್ತದೆ. ಆ ದಿನ ಬರಹ ಬೇಕಾದರೆ ಆ ಕಾಲೇಜುಗಳ ಯಾರನ್ನಾದರೂ ಕೇಳಿ, ಉಗ್ಗುವ ಒಬ್ಬಿಬ್ಬರನ್ನೂ ಮಾತಾಡಿಸಿ. ನನ್ನನ್ನು ಕೇಳಿದರೂ ಬರುತ್ತೇನೆ. ಫೋನಿನಲ್ಲಿ ಬೇಡ, ಅಂಗಡಿಗೇ ಬನ್ನಿ, ಮತ್ತು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಬನ್ನಿ.

ಇಂತಿ,
ಹಂಪನಕಟ್ಟೆಯ ಒಬ್ಬ ಮೊಬೈಲ್ ರಿಪೇರಿಯವ, ಮಂಗಳೂರು